ಹಳ್ಳಿಯಿಂದ ಹಳ್ಳಿಗೆ ಕೇಳುತ್ತ

2024ರ ಡಿಸೆಂಬರಿನಲ್ಲಿ ಬಿಹಾರದ ಕುಟುಂಬವೊಂದು ಕಾರಿನಲ್ಲಿ ಗೋವಾಕ್ಕೆ ಹೊರಟಿತ್ತು. ಮೊಬೈಲ್ ಮ್ಯಾಪ್ ತೋರಿಸಿದ ದಾರಿ ಹಿಡಿದು ಖಾನಾಪುರ ತಾಲ್ಲೂಕಿನ ಶಿರೋಲಿ, ಹೆಮ್ಮಡಗಾ ಕಡೆಯ ಕಾಡಿನೊಳಗೆ ಹೊಕ್ಕಿತು. ಅಲ್ಲಿ ನೆಟ್‌ವರ್ಕ್ ಇಲ್ಲ, ಕೇಳೋಣವೆಂದರೆ ನರಪಿಳ್ಳೆ ಇಲ್ಲ. ರಾತ್ರಿಯೆಲ್ಲ ಕಾರಿನೊಳಗೇ ಕಳೆದರು. ಬೆಳಗಾದ ಮೇಲೆ ನಡೆದುಕೊಂಡು ಹೋಗಿ, ಸಿಗ್ನಲ್ ಸಿಕ್ಕ ಕಡೆ ನಿಂತು 112ಕ್ಕೆ ಫೋನ್ ಮಾಡಿದರು. ಪೊಲೀಸರು ಹೋಗಿ ಕರೆದುಕೊಂಡು ಬಂದರು. ಅದು ಭೀಮಗಡದ ಕಾಡು, 2011ರಲ್ಲಿ ವನ್ಯಜೀವಿ ಧಾಮವಾದದ್ದು. ಕರಡಿ, ಕಾಡುಕೋಣ, ಚಿರತೆ ಓಡಾಡುವ ಜಾಗ.

ಈ ಸುದ್ದಿ ಬಂದಾಗ ನಮ್ಮ ಬೆಳಗಾವಿಯಲ್ಲಿ ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಕುಟುಂಬದವರು ಮಾಡಿದ್ದಾದರೂ ಏನು? ತಮಗೆ ಗೊತ್ತಿಲ್ಲದ ಸಂಗತಿಯಲ್ಲಿ, ಗೊತ್ತಿದೆ ಎಂದ ಇನ್ನೊಬ್ಬರ ಮಾತನ್ನು ನಂಬಿದರು. ನನ್ನ ಹುಟ್ಟಿದ ತಿಥಿ ನನಗೆ ಗೊತ್ತಿರುವುದು ಅವ್ವ ಹೇಳಿದ್ದರಿಂದ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟುತ್ತಾಳೆಂದು ಅಲ್ಲಿಗೆ ಹೋಗಿ ನೋಡುವ ಎಷ್ಟೋ ವರ್ಷ ಮೊದಲೇ ಪುಸ್ತಕ ಓದಿ ನಂಬಿದ್ದೆ. ಸತ್ತ ಮೇಲೆ ಏನೆಂಬುದನ್ನಂತೂ ಪೂರಾ ಇನ್ನೊಬ್ಬರ ಮಾತಿನ ಮೇಲೆಯೇ ಬಿಟ್ಟಿದ್ದೇವೆ. ಯಾರ ಮಾತನ್ನು ನಂಬಿ ನಡೆಯಬೇಕು, ಯಾವ ಗುಣ ನೋಡಿ ನಂಬಬೇಕು? ಬೆಳಗಾವಿಯ ಹೈಸ್ಕೂಲೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತಳಾದ ನನಗೆ ಇದು ಓದಿನ ಪ್ರಶ್ನೆಯಾಗಿತ್ತು. ಮೊಬೈಲು ಬಂದ ಮೇಲೆ ರಸ್ತೆಯ ಪ್ರಶ್ನೆಯೂ ಆಯಿತು.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಪಾಠ ಹೇಳುತ್ತಾನೆ. ಒಂದೇ ಮಾತನ್ನು ತಿಳಿಸಲು ಒಂಬತ್ತು ದೃಷ್ಟಾಂತ ಕೊಡುತ್ತಾನೆ. ನೀರಿನಲ್ಲಿ ಕರಗಿದ ಉಪ್ಪು, ಆಲದ ಹಣ್ಣಿನ ಬೀಜ ಎಲ್ಲರಿಗೂ ನೆನಪಿರುತ್ತವೆ. ಏಳನೆಯದನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಗಾಂಧಾರ ದೇಶದ ಒಬ್ಬನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಹೊತ್ತು ತಂದು ಜನವಿಲ್ಲದ ಕಡೆ ಬಿಟ್ಟುಬಿಡುತ್ತಾರೆ. ಅವನು ಪೂರ್ವಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಮುಖ ಮಾಡಿ ಕೂಗುತ್ತಾನೆ. ಯಾರೋ ಒಬ್ಬರು ಬಂದು ಕಟ್ಟು ಬಿಚ್ಚಿ, ಗಾಂಧಾರ ಈ ದಿಕ್ಕಿಗಿದೆ, ಈ ದಿಕ್ಕಿಗೆ ನಡೆ ಎನ್ನುತ್ತಾರೆ. ಆಮೇಲೆ ಅವನು ಹಳ್ಳಿಯಿಂದ ಹಳ್ಳಿಗೆ ಕೇಳುತ್ತ, ತನ್ನ ಬುದ್ಧಿಯನ್ನೂ ಬಳಸುತ್ತ ಊರು ಸೇರುತ್ತಾನೆ. ಆಚಾರ್ಯನಿದ್ದವನು ಹೀಗೆ ತಿಳಿಯುತ್ತಾನೆ ಎಂದು ಉದ್ದಾಲಕ ಮುಗಿಸುತ್ತಾನೆ.

ನಾನು ವರ್ಷಗಟ್ಟಲೆ ಈ ಭಾಗವನ್ನು ಓದಿದ್ದೆ. ಆದರೆ ಇದರ ನಡುವಿನ ಭಾಗ ಕಣ್ಣಿಗೆ ಬಿದ್ದದ್ದು ಹೆಮ್ಮಡಗಾದ ಸುದ್ದಿ ಕೇಳಿದ ಮೇಲೆ. ಕಟ್ಟು ಬಿಚ್ಚಿದವನು ಪೂರ್ತಿ ದಾರಿ ಹೇಳುವುದಿಲ್ಲ. ಇಷ್ಟು ದೂರ ಹೋಗಿ ಎಡಕ್ಕೆ ತಿರುಗು, ಅಲ್ಲಿಂದ ಬಲಕ್ಕೆ ತಿರುಗು ಎನ್ನುವುದಿಲ್ಲ. ದಿಕ್ಕು ತೋರಿಸುತ್ತಾನೆ, ಅಷ್ಟೇ. ಉಳಿದದ್ದು ಹಳ್ಳಿಗಳ ಪಾಲಿನದು, ಮತ್ತು ನಡೆಯುವವನ ಬುದ್ಧಿಯ ಪಾಲಿನದು. ಉಪನಿಷತ್ತು ಅವನನ್ನು ಮೇಧಾವಿ ಎನ್ನುವಲ್ಲಿ ಭಾಷ್ಯಕಾರ ಶಂಕರರು, ಬೇರೆಯವರು ಹೇಳಿದ ದಾರಿಯನ್ನು ನಿಶ್ಚಯ ಮಾಡಿಕೊಳ್ಳಬಲ್ಲವನು ಎಂದು ಬಿಡಿಸಿ ಹೇಳುತ್ತಾರೆ. ಕೇಳಿದ್ದನ್ನು ತೂಗಿ ನೋಡುವ ಕೆಲಸ ಕೇಳಿದವನದೇ.

ಮ್ಯಾಪು ಇದಕ್ಕೆ ಸರಿಯಾಗಿ ಉಲ್ಟಾ. ಹೊರಡುವ ಮೊದಲೇ ಮನೆಯ ಅಂಗಳದಿಂದ ಸಮುದ್ರದ ದಂಡೆಯವರೆಗೆ ನೀಲಿ ಗೆರೆ ಎಳೆದು ಕೊಟ್ಟುಬಿಡುತ್ತದೆ. ಕೇಳಬೇಕಾದ್ದು ಏನೂ ಉಳಿದಿರುವುದಿಲ್ಲ. ಆ ಗೆರೆ ಹೇಗೆ ಹುಟ್ಟುತ್ತದೆಂದು ನಮ್ಮ ಶಾಲೆಯ ವಿಜ್ಞಾನದ ಸರ್ ಒಮ್ಮೆ ಹೇಳಿದರು. ಡೈಕ್‌ಸ್ಟ್ರ ಎಂಬ ಡಚ್ ಗಣಿತಜ್ಞ 1956ರಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಯ ಜೊತೆ ಆಮ್‌ಸ್ಟರ್‌ಡಾಮಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ, ರೋಟರ್‌ಡಾಮಿನಿಂದ ಗ್ರೋನಿಂಗೆನ್‌ಗೆ ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದೆಂದು ಕಂಡುಹಿಡಿಯುವ ಬಗೆಯನ್ನು ಸುಮಾರು 20 ನಿಮಿಷದಲ್ಲಿ ಮನಸ್ಸಿನಲ್ಲೇ ಹೊಳೆಯಿಸಿಕೊಂಡನಂತೆ. 1959ರಲ್ಲಿ ಅದು ಅಚ್ಚಾಯಿತು. ಊರೆಂದರೆ ಒಂದು ಚುಕ್ಕೆ, ರಸ್ತೆಯೆಂದರೆ ಒಂದು ಗೆರೆ, ಪ್ರತಿ ಗೆರೆಗೂ ಒಂದು ಸಂಖ್ಯೆ. ಸಂಖ್ಯೆಗಳ ಮೊತ್ತ ಎಲ್ಲಿ ಕಡಿಮೆಯೋ ಅದೇ ದಾರಿ. ಈಗಿನ ಮ್ಯಾಪುಗಳು ಇದನ್ನು ಬಹಳ ಬೆಳೆಸಿವೆ, ಆದರೆ ಬೇರು ಇದೇ. ಕೇಳಿ ನನಗೆ ಗೌರವ ಹುಟ್ಟಿತು. ನಮ್ಮ ನೈಯಾಯಿಕರು, ಅಂದರೆ ತರ್ಕದ ಪಂಡಿತರು, ಕಂಡಿದ್ದರೆ ಮೆಚ್ಚುತ್ತಿದ್ದರು. ಅವರು ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ಆಧಾರವಾದ ಹೇತು ಕೆಟ್ಟರೆ ಅದರಿಂದ ಹೊರಟ ಅನುಮಾನ ಎಷ್ಟು ಬಿಗಿಯಾಗಿದ್ದರೂ ಕೆಟ್ಟಂತೆಯೇ. ಮಳೆಗಾಲದಲ್ಲಿ ಮುಳುಗುವ ಮೋರಿಯ ಸುದ್ದಿಯನ್ನು ಯಾರೂ ಮುಟ್ಟಿಸದಿದ್ದರೆ ಆ ಗೆರೆಯ ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇರುತ್ತದೆ, ಕಾರು ಮಾತ್ರ ನೀರಿನಲ್ಲಿರುತ್ತದೆ.

ಒಮ್ಮೆ ಖಾನಾಪುರ ತಾಲ್ಲೂಕಿನ ನಾಗರಗಾಳಿಯ ಆಚೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯ ವಾಸ್ತುಶಾಂತಿಗೆ ಅಣ್ಣನ ಮಗನ ಕಾರಿನಲ್ಲಿ ಹೋಗಿದ್ದೆ. ಕಾಡು ದಟ್ಟವಾದ ಕಡೆ ನೆಟ್‌ವರ್ಕ್ ಹೋಯಿತು. ಪರದೆಯ ಮೇಲಿನ ರಸ್ತೆ, ಹಳ್ಳ, ಊರಿನ ಹೆಸರು ಒಂದೊಂದಾಗಿ ಮಾಯವಾಗಿ ಬೂದು ಬಣ್ಣದ ಖಾಲಿ ಚೌಕಗಳಷ್ಟೇ ಉಳಿದವು. ಆದರೆ ನಾವಿದ್ದ ಜಾಗ ತೋರಿಸುವ ನೀಲಿ ಚುಕ್ಕೆ ಮಾತ್ರ ಅಳಿಯಲಿಲ್ಲ. ಕಾರು ಚಲಿಸಿದರೆ ಅದೂ ಚಲಿಸುತ್ತಿತ್ತು. ಇದು ಹೇಗೆಂದು ಹುಡುಗನನ್ನು ಕೇಳಿದೆ. ಚುಕ್ಕೆಗೆ ಟವರ್ ಬೇಕಾಗಿಲ್ಲ, ಅದು ಸುಮಾರು 20,000 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳಿಂದ ಬರುತ್ತದೆ ಎಂದ. ಕನಿಷ್ಠ ನಾಲ್ಕರ ಸಂಕೇತ ಕೇಳಿಸಿದರೆ ಫೋನು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಟವರ್ ಬೇಕಾಗುವುದು ಸುತ್ತಲಿನ ನಕಾಶೆಗೆ ಮಾತ್ರ.

ಬ್ರಹ್ಮಸೂತ್ರದ ಮೊದಲ ಸೂತ್ರದ ಭಾಷ್ಯದಲ್ಲೇ ಶಂಕರರು ಒಂದು ಮಾತು ಹೇಳುತ್ತಾರೆ: ತಾನಿದ್ದೇನೆಂಬುದು ಪ್ರತಿಯೊಬ್ಬರಿಗೂ ಗೊತ್ತು, ತಾನಿಲ್ಲವೆಂದು ಯಾರಿಗೂ ಅನಿಸುವುದಿಲ್ಲ. ಜಗಳವೆಲ್ಲ ಇರುವುದು ಆ ‘ತಾನು’ ಎಂಥದು ಎಂಬುದರಲ್ಲಿ. ಮಕ್ಕಳಿಗೆ ಇದನ್ನು ತಿಳಿಸಲು ಎಷ್ಟೋ ಉದಾಹರಣೆ ಹುಡುಕಿದ್ದೆ. ಖಾಲಿ ಪರದೆಯ ಆ ಚುಕ್ಕೆ ಅವೆಲ್ಲಕ್ಕಿಂತ ಚೆನ್ನಾಗಿ ಹೇಳಿತು. ಇರುವುದರಲ್ಲಿ ಸಂಶಯವಿಲ್ಲ, ಸುತ್ತಲಿನದು ಏನೂ ತಿಳಿಯದು.

ಅಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಗೌಳಿ ಮುದುಕ ಸಿಕ್ಕ. ಹುಡುಗ ಗಾಜು ಇಳಿಸಿ ಊರಿನ ಹೆಸರು ಹೇಳಿದ. ಮುದುಕ ತಕ್ಷಣ ಉತ್ತರ ಕೊಡಲಿಲ್ಲ. ಮೊದಲು ‘ಕುಣಾಚ್ಯಾ ಘರೀ?’ ಎಂದು ಮರಾಠಿಯಲ್ಲಿ ಕೇಳಿದ. ಯಾರ ಮನೆಗೆಂದು ಹೇಳಿದೆ. ನನ್ನ ಮಾತಿನ ಕನ್ನಡ ಕೇಳಿ ಅವನೂ ಕನ್ನಡಕ್ಕೆ ಹೊರಳಿದ. ಬಗ್ಗಿ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆಯೆಂದು ಕೋಲಿನಿಂದ ಅಳೆದು ನೋಡಿದ. ‘ಹೊಳ್ಳಿ ಯಾವಾಗ ಬರ್ತೀರಿ, ರಾತ್ರಿ ಆಗ್ತದೇನು?’ ಅಂದ. ಸಂಜೆಯೊಳಗೆ ಬರುತ್ತೇವೆಂದೆ. ಆಮೇಲೆ ದಾರಿ ಹೇಳಿದ. ‘ಸಮೀಪದ ದಾರಿ ಬ್ಯಾಡ್ರಿ ಬಾಯಾರ, ಈ ಗಾಡಿ ತಳ ಬಡೀತೈತಿ. ಸಾಲಿ ಇರೋ ಊರ ಮ್ಯಾಲೆ ಹೋಗ್ರಿ. ಕಲ್ಲಿನ ಮಾರುತಿ ಬರ್ತಾನ, ಅಲ್ಲಿ ಎರಡು ದಾರಿ ಆಗ್ತಾವ. ಲೈಟಿನ ಕಂಬ ಯಾ ಕಡೆ ಹೊಂಟಾವ ನೋಡ್ರಿ, ಕಂಬದ ಗುಂಟನ ಹೋಗ್ರಿ. ಅಲ್ಲಿ ಹೋಗಿ ಮತ್ತ ಕೇಳ್ರಿ.’

ಕೊನೆಯ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಛಾಂದೋಗ್ಯದ ಗಾಂಧಾರದವನಿಗೆ ಹೇಳಿದ್ದೂ ಇಷ್ಟೇ. ಬಲ್ಲವನು ತನಗೆ ಗೊತ್ತಿರುವಲ್ಲಿಯವರೆಗೆ ಹೇಳಿ, ಮುಂದಿನದನ್ನು ಮುಂದಿನವರಿಗೆ ಬಿಡುತ್ತಾನೆ. ಎಲ್ಲವನ್ನೂ ತಾನೇ ಬಲ್ಲೆನೆನ್ನುವುದಿಲ್ಲ.

ನ್ಯಾಯಶಾಸ್ತ್ರದಲ್ಲಿ ತಿಳಿವಿಗೆ ನಾಲ್ಕು ಪ್ರಮಾಣ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಉಪದೇಶ. ಆಪ್ತ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಎರಡು ಮಾತು ಹೇಳುತ್ತಾನೆ. ಸಂಗತಿಯನ್ನು ತಾನೇ ಕಂಡಿರಬೇಕು. ಕಂಡದ್ದನ್ನು ಕಂಡ ಹಾಗೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡಬೇಕು. ಆಮೇಲೆ ಒಂದು ದೊಡ್ಡ ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನ. ಅಷ್ಟು ಹಿಂದಿನ ಗ್ರಂಥದಲ್ಲಿ ಈ ಸಾಲು ಇರುವುದು ನನಗೆ ಇವತ್ತಿಗೂ ಅಚ್ಚರಿ. ಗಡಿ, ಭಾಷೆ ಎಂದು ನಮ್ಮ ಜಿಲ್ಲೆ ಎಷ್ಟು ಬೇಯಬೇಕೋ ಅಷ್ಟು ಬೆಂದಿದೆ. ಆದರೂ ಖಾನಾಪುರದ ಕಾಡಂಚಿನಲ್ಲಿ ದಾರಿ ತಪ್ಪಿದವರಿಗೆ ‘ಸೀದಾ ಹೋಗ್ರಿ’ ಅಂದವರೂ ಮರಾಠಿಯಲ್ಲಿ ‘ಸರಳ ಜಾವಾ’ ಅಂದವರೂ ಒಂದೇ ತೂಕದ ಪ್ರಮಾಣ. ಎಲೆಕ್ಷನ್ ಡ್ಯೂಟಿಗೆ ಮತಯಂತ್ರದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆ ಊರುಗಳಿಗೆ ಹೋದ ಯಾವ ಮಾಸ್ತರರನ್ನು, ಯಾವ ಟೀಚರನ್ನು ಬೇಕಾದರೂ ಕೇಳಿ, ಹೌದು ಎನ್ನುತ್ತಾರೆ.

ಹಾಗೆಂದು ಮನುಷ್ಯರೆಲ್ಲ ಆಪ್ತರಲ್ಲ. ನಮ್ಮಲ್ಲಿ ‘ಇಲ್ಲೇ ಐತ್ರಿ’ ಅಂದರೆ ಮೂರು ಕಿಲೋಮೀಟರ್ ಇರಬಹುದು. ಕೇಳಿದವರಿಗೆ ಇಲ್ಲವೆನ್ನಲು ಮನಸ್ಸಾಗದೆ, ಗೊತ್ತಿಲ್ಲದ ದಾರಿಗೂ ಕೈ ತೋರಿಸುವವರಿದ್ದಾರೆ. ಅವರಲ್ಲಿ ತಿಳಿಸುವ ಇಚ್ಛೆ ಇದೆ, ಆದರೆ ಅವರು ದಾರಿಯನ್ನು ಕಂಡಿಲ್ಲ. ಯಾರನ್ನು ಕೇಳಬೇಕೆಂಬುದೇ ಒಂದು ವಿದ್ಯೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರಿಗಿಂತ ಹಾಲಿನವನು, ಪೋಸ್ಟಿನವನು, ಆಶಾ ಕಾರ್ಯಕರ್ತೆ ಮೇಲು. ಅವರ ಕಾಲಿಗೆ ಆ ದಾರಿ ಗೊತ್ತಿರುತ್ತದೆ.

ಮ್ಯಾಪಿನದು ಏನು? ಅದು ಕಂಡಿಲ್ಲವೆಂದು ಹೇಳಲಾರೆ. ಮೇಲಿಂದ ತೆಗೆದ ಚಿತ್ರವಿದೆ, ರಸ್ತೆಯಲ್ಲಿ ಓಡಾಡುವ ಅಸಂಖ್ಯ ಫೋನುಗಳು ಕಳಿಸುವ ವೇಗದ ಲೆಕ್ಕವಿದೆ. ಬೆಳಗಾವಿಯ ರೈಲ್ವೆ ಗೇಟ್ ಬಳಿ ವಾಹನ ನಿಂತಿವೆಯೆಂದು ತಿಲಕವಾಡಿಯ ಮನೆಯಲ್ಲಿ ಕೂತೇ ನನಗೆ ತಿಳಿಯುವುದು ಆ ಗೇಟಿನಲ್ಲಿ ನಿಂತವರ ಫೋನುಗಳಿಂದ. ಒಂದು ಅರ್ಥದಲ್ಲಿ ಅವರೆಲ್ಲ ಸೇರಿ ನನಗೆ ದಾರಿ ಹೇಳುತ್ತಿದ್ದಾರೆ, ಹೇಳುತ್ತಿದ್ದೇವೆಂದು ಅವರಿಗೇ ಗೊತ್ತಿಲ್ಲದೆ. ಇದು ದೊಡ್ಡ ಉಪಕಾರ, ಅಲ್ಲಗಳೆಯಲಾರೆ. ಆದರೆ ಕಾಡಿನಲ್ಲಿ ಆ ಫೋನುಗಳು ಓಡಾಡುವುದಿಲ್ಲ, ಓಡಾಡಿದರೂ ಮಾತಾಡುವುದಿಲ್ಲ. ಅಲ್ಲಿ ಕಂಡವರ ಮಾತಿನ ಆಧಾರ ತಪ್ಪಿಹೋಗುತ್ತದೆ. ಆದರೂ ಮ್ಯಾಪಿನ ಹೆಣ್ಣುದನಿ ನಗರದಲ್ಲಿ ಮಾತಾಡಿದಷ್ಟೇ ನಿಶ್ಚಿಂತೆಯಿಂದ ಕಾಡಿನಲ್ಲೂ ಮಾತಾಡುತ್ತದೆ. ಗೊತ್ತಿದ್ದಾಗಿನ ದನಿಗೂ ಗೊತ್ತಿಲ್ಲದಾಗಿನ ದನಿಗೂ ವ್ಯತ್ಯಾಸ ಕೇಳಿಸದಿರುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಮುದುಕನಾದರೆ ‘ಅಲ್ಲಿಂದ ಮುಂದ ನನಗ ಗೊತ್ತಿಲ್ರಿ’ ಅನ್ನುತ್ತಾನೆ.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಗೆ ಹೋದಾಗಲೆಲ್ಲ ನನಗೆ ಸಮಂತಭದ್ರಾಚಾರ್ಯರ ನೆನಪಾಗುತ್ತದೆ. ಆಪ್ತ ಯಾರೆಂಬ ಒಂದೇ ಪ್ರಶ್ನೆಗೆ ‘ಆಪ್ತಮೀಮಾಂಸೆ’ ಎಂಬ ಗ್ರಂಥವನ್ನೇ ಬರೆದ ಜೈನ ಆಚಾರ್ಯರು ಅವರು. ಅದರ ಮೊದಲ ಶ್ಲೋಕದಲ್ಲೇ ತಮ್ಮ ಜಿನನಿಗೆ ನೇರವಾಗಿ ಹೇಳುತ್ತಾರೆ: ದೇವತೆಗಳು ನಿನ್ನ ಬಳಿ ಬರುವುದರಿಂದ, ಆಕಾಶದಲ್ಲಿ ಸಂಚರಿಸುವುದರಿಂದ, ಚಾಮರ ಬೀಸಿಸಿಕೊಳ್ಳುವುದರಿಂದ ನೀನು ನನಗೆ ದೊಡ್ಡವನಲ್ಲ, ಇವೆಲ್ಲ ಮಾಯಾವಿಗಳಲ್ಲೂ ಕಾಣುತ್ತವೆ. ಭಕ್ತನೊಬ್ಬ ತಾನು ಪೂಜಿಸುವವನ ಮುಂದೆ ನಿಂತು ಹೀಗೆ ಕೇಳುವ ಧೈರ್ಯ ಎಷ್ಟು ಚೆಂದ! ಮುಂದೆ, ನಿನ್ನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗಿಲ್ಲ, ಅದಕ್ಕೇ ನೀನು ನಿರ್ದೋಷಿ ಎನ್ನುತ್ತಾರೆ. ಮ್ಯಾಪಿಗೂ ಈ ಮಾತು ಸಲ್ಲುತ್ತದೆ: ಆಕಾಶದಿಂದ ನೋಡುವ ಶಕ್ತಿಯೊಂದೇ ನಂಬಿಕೆಗೆ ಸಾಲದು.

ಇದನ್ನೆಲ್ಲ ಒಂದು ಸಂಜೆ ವಿಜ್ಞಾನದ ಸರ್ ಮುಂದೆ ಉತ್ಸಾಹದಿಂದ ಹೇಳಿದೆ. ಮುದುಕ ‘ಯಾರ ಮನೆಗೆ’ ಎಂದು ಮರುಪ್ರಶ್ನೆ ಕೇಳಿದ್ದರಲ್ಲೇ ಎಲ್ಲ ಇದೆ ಎಂದೆ. ಯಾರು, ಯಾವ ಗಾಡಿ, ಯಾವಾಗ ವಾಪಸು ಎಂಬುದು ತಿಳಿದ ಮೇಲೆ ಹುಟ್ಟಿದ ಉತ್ತರ ಅದು, ನಮ್ಮ ಅಳತೆಗೇ ಹೊಲಿದದ್ದು. ಮ್ಯಾಪು ನಮ್ಮನ್ನು ಹೀಗೆ ಎಂದೂ ಕೇಳುವುದಿಲ್ಲ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಮೇಡಂ, ಮ್ಯಾಪ್ ಕೇಳೋದಿಲ್ಲ ಅನ್ನೋದಕ್ಕೇ ನನಗದು ಪ್ರೀತಿ’ ಅಂದರು. ಅವರು ಹುಟ್ಟಿ ಬೆಳೆದದ್ದು ಊರ ಹೊರಗಿನ ಕೇರಿಯಲ್ಲಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬೇರೆ ಊರಿಗೆ ಹೋದರೆ, ದಾರಿ ಕೇಳಿದ ಕೂಡಲೇ ‘ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತಿತ್ತಂತೆ. ಹೇಳಿದ ಮೇಲೆ ಉತ್ತರದ ದನಿ ಬದಲಾಗುತ್ತಿತ್ತು. ನೀರು ಕೇಳಿದರೆ ಇನ್ನೂ ಬದಲಾಗುತ್ತಿತ್ತು. ಅಪ್ಪ ದಾರಿ ತಪ್ಪಿದರೂ ಚಿಂತೆಯಿಲ್ಲವೆಂದು ಕೇಳದೇ ನಡೆಯುತ್ತಿದ್ದ. ‘ಈಗ ಯಾವ ಊರಿಗಾದರೂ ಬೈಕ್ ಮೇಲೆ ಸೀದಾ ಹೋಗಿ ಮನೆ ಮುಂದ ಇಳೀತೀನಿ. ನಾನು ಯಾರು ಅಂತ ಯಾರಿಗೂ ಹೇಳಬೇಕಾಗಿಲ್ಲ. ಇದು ಸಣ್ಣದೇನ್ರೀ ಮೇಡಂ?’

ಸಣ್ಣದಲ್ಲ. ಹೆಂಗಸಾಗಿ ನನಗೂ ಅದರ ಒಂದು ಎಳೆ ಗೊತ್ತು. ಹೊತ್ತು ಮುಳುಗಿದ ಮೇಲೆ ಸ್ಕೂಟಿ ನಿಲ್ಲಿಸಿ ಗುಂಪಾಗಿ ನಿಂತ ಗಂಡಸರನ್ನು ದಾರಿ ಕೇಳುವುದಕ್ಕಿಂತ ಫೋನು ನೋಡಿಕೊಂಡು ಹೋಗುವುದನ್ನೇ ನಾನೂ ಆರಿಸಿಕೊಳ್ಳುತ್ತೇನೆ. ಹೀಗೆ ಆರಿಸಿಕೊಳ್ಳಬೇಕಾದ ಲೋಕವನ್ನು ಕಟ್ಟಿದ್ದು ಮ್ಯಾಪಲ್ಲ.

ಅವರ ಮಾತು ನನ್ನನ್ನು ಮತ್ತೆ ಛಾಂದೋಗ್ಯಕ್ಕೇ ಕಳಿಸಿತು. ಅದೇ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಕಲಿಯಲು ಬಂದ ಸತ್ಯಕಾಮ ಜಾಬಾಲನಿಗೆ ಗುರು ಹಾರಿದ್ರುಮತ ಗೌತಮ ನಿನ್ನ ಗೋತ್ರ ಯಾವುದೆಂದು ಕೇಳುತ್ತಾನೆ. ಹುಡುಗ ತನಗೆ ಗೊತ್ತಿಲ್ಲವೆಂದು, ತಾಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತಾನೆ. ಗುರು ಅವನ ಸತ್ಯಕ್ಕೆ ಮೆಚ್ಚಿ ಸೇರಿಸಿಕೊಳ್ಳುತ್ತಾನೆ. ನಾವು ಆ ಕಥೆಯನ್ನು ಗುರುವಿನ ಉದಾರತೆಯ ಕಥೆಯೆಂದು ಕಲಿಸುತ್ತೇವೆ. ಆದರೆ ಬಾಗಿಲಲ್ಲೇ ಆ ಪ್ರಶ್ನೆ ನಿಂತಿತ್ತು ಎಂಬುದೂ ಅದರಲ್ಲಿದೆ. ಗಾಂಧಾರದ ಕಥೆಯಲ್ಲಿ ಹಾಗಿಲ್ಲ. ಕಾಡಿನಲ್ಲಿ ಕೂಗುತ್ತಿದ್ದವನ ಬಳಿ ಬಂದವನು ನೀನು ಯಾರೆಂದು ಕೇಳಿ ಆಮೇಲೆ ಕಟ್ಟು ಬಿಚ್ಚಲಿಲ್ಲ. ಮೊದಲು ಬಿಚ್ಚಿದ. ಆಚಾರ್ಯನೆಂದರೆ ಇವನೆಂದು ಉದ್ದಾಲಕ ತೋರಿಸುವುದೂ ಇವನನ್ನೇ.

ಹಾಗಾದರೆ ಮರುಪ್ರಶ್ನೆಯಲ್ಲಿ ಎರಡು ಬಗೆ ಇವೆಯೆಂದು ನನಗೆ ಈಗ ಕಾಣುತ್ತದೆ. ಗೌಳಿ ಮುದುಕ ಕೇಳಿದ್ದು ನಾವು ಸುಖವಾಗಿ ಮುಟ್ಟಲಿ ಎಂದು. ಕಾರಿನ ಹೊಟ್ಟೆ ಅಳೆದ ಕೋಲೇ ಅದಕ್ಕೆ ಸಾಕ್ಷಿ. ಸರ್ ಅವರ ಅಪ್ಪನಿಗೆ ಬಂದ ಪ್ರಶ್ನೆ ಅವರನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಲು. ಇಬ್ಬರೂ ಆಡಿದ ಮಾತು ಬಹುತೇಕ ಒಂದೇ ಇರಬಹುದು. ವಾತ್ಸ್ಯಾಯನ ಹೇಳಿದ ತಿಳಿಸುವ ಇಚ್ಛೆ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ದಾರಿಯನ್ನು ಕಂಡಿದ್ದರೂ ಎರಡನೆಯವನು ಆಪ್ತನಲ್ಲ. ನ್ಯಾಯಶಾಸ್ತ್ರವನ್ನು ಹೀಗೆ ಓದಲು ಪಂಡಿತರು ಒಪ್ಪುತ್ತಾರೋ ಇಲ್ಲವೋ, ನಾನು ಹೀಗೇ ಓದುತ್ತೇನೆ.

ನಗರದಲ್ಲಿ ಈಗ ಹೊಸ ಬಗೆಯ ದಾರಿ ಕೇಳುವಿಕೆ ಶುರುವಾಗಿದೆ. ಪಾರ್ಸೆಲ್ ತರುವ ಹುಡುಗರ ಫೋನಿನಲ್ಲಿ ನಮ್ಮ ಮನೆಯ ಗುರುತು ಹಿಂದಿನ ಗಲ್ಲಿಯಲ್ಲಿ ಬೀಳುತ್ತದೆ. ಅವರು ಅಲ್ಲಿ ನಿಂತು ಕರೆ ಮಾಡುತ್ತಾರೆ: ‘ಅಕ್ಕಾ, ಎಲ್ಲಿ ಬರಬೇಕ್ರಿ?’ ಗಣಪತಿ ಗುಡಿಯ ಮುಂದೆ ಬಾ, ಗಿರಣಿ ದಾಟು ಎನ್ನುತ್ತೇನೆ. ಯಾರ ಪೈಕಿಯೆಂದು ಅವರು ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಸರ್‌ಗೆ ಇದನ್ನು ಹೇಳಿದಾಗ ಅವರಿಗೆ ಹಿಡಿಸಿತು. ಇಂಥ ಕೇಳುವಿಕೆಗೆ ತಮ್ಮ ತಕರಾರಿಲ್ಲ ಎಂದರು.

ಆದರೆ ಗಾಂಧಾರದ ಕಥೆಯ ನನ್ನ ವ್ಯಾಖ್ಯಾನವನ್ನು ಅವರು ಪೂರ್ತಿ ಒಪ್ಪಲಿಲ್ಲ. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆನ್ನುವ ಮನಸ್ಸು ಕೊಡೆಂದು ಬಸವಣ್ಣನವರು ಬೇಡಿಕೊಳ್ಳಬೇಕಾಯಿತಲ್ಲ ಎಂದು ನೆನಪಿಸಿದರು. ಹನ್ನೆರಡನೆಯ ಶತಮಾನದಲ್ಲೂ ಎಲ್ಲರೂ ಅದನ್ನೇ ಕೇಳುತ್ತಿದ್ದರು ಎಂದಲ್ಲವೇ ಅದರ ಅರ್ಥ ಎಂದರು. ಕಟ್ಟು ಬಿಚ್ಚಿದವನು ಒಬ್ಬ, ಅವನು ಒಳ್ಳೆಯವನಿರಬಹುದು. ‘ಆದರೆ ಆಮೇಲೆ ಅಂವ ಹಳ್ಳಿಯಿಂದ ಹಳ್ಳಿಗೆ ಕೇಳ್ತ ಹೋದ ಅಂತೀರಲ್ಲ ಮೇಡಂ, ಆ ಹಳ್ಳಿಯವರು ಅವನಿಗೆ ಏನು ಕೇಳಿದರು ಅಂತ ಬರೆದಿದೆಯೇನು?’

ಬರೆದಿಲ್ಲ. ಮನೆಗೆ ಬಂದು ಶಂಕರಭಾಷ್ಯ ತೆಗೆದು ಆ ಖಂಡವನ್ನು ಪೂರ್ತಿ ಓದಿದೆ. ಅವನನ್ನು ಹೊತ್ತು ತಂದ ಕಳ್ಳರೆಂದರೆ ಯಾರು, ಕಾಡೆಂದರೆ ಯಾವುದು, ಕಣ್ಣಿನ ಬಟ್ಟೆ ಎಂದರೆ ಏನು ಎಂದು ಒಂದೊಂದನ್ನೂ ಬಿಡಿಸಿ ಹೇಳಿದ್ದಾರೆ. ಹಳ್ಳಿಗಳ ಜನ ಅವನನ್ನು ಹೇಗೆ ನಡೆಸಿಕೊಂಡರೆಂಬುದು ಅಲ್ಲಿ ಪ್ರಶ್ನೆಯೇ ಆಗಿಲ್ಲ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೆಲವರು ಸೇರಿ ಉಪನಿಷತ್ತು ಓದುತ್ತೇವೆ, ಸದ್ಯ ಛಾಂದೋಗ್ಯವೇ ನಡೆದಿದೆ. ಆರನೆಯ ಅಧ್ಯಾಯದ ಆ ಖಂಡ ಬಂದಾಗ ನೀವೇ ಬಂದು ಪಾಠ ಮಾಡಿ, ನಾನು ಕೂತು ಕೇಳುತ್ತೇನೆ ಎಂದು ಸರ್‌ಗೆ ಹೇಳಿದ್ದೇನೆ. ಸಂಸ್ಕೃತ ಬರುವುದಿಲ್ಲವೆಂದರು. ಕನ್ನಡದಲ್ಲೇ ಮಾಡಿ ಎಂದೆ. ಬರುತ್ತೇನೆ ಎಂದಿದ್ದಾರೆ.